ಬೆಲ್ಟಿನ ಕಪ್ಪು ಬಣ್ಣ ಅಂಗಿಗೆ ಹತ್ತುತ್ತಿದೆ, ಏನು ಮಾಡಲಿ?

ಡೊಂಬಿವಲಿಯವ:
ಧಾರಾವಿಯಿಂದ ವೆಜ್ ಟ್ಯಾನ್ ಚರ್ಮ (ತೊಗಟೆ, ಕಾಯಿಯಲ್ಲಿ ಹದ ಮಾಡಿದ್ದು) ತಂದು ಬೆಲ್ಟ್ ಮಾಡಿದ್ದೇನೆ. ಎರಡೂ ಮುಖಕ್ಕೆ ಕಪ್ಪು ಸ್ಪಿರಿಟ್ ಡೈ (ಸ್ಪಿರಿಟ್ಟಿನಲ್ಲಿ ಕರಗಿಸಿದ ಬಣ್ಣ), ಹೊರಗೆ ಜೇನುಮೇಣದ ಪಾಲಿಶ್. ನೋಡೋಕೆ ಚೆನ್ನಾಗಿದೆ. ಆದರೆ ಲೋಕಲ್ ರೈಲಲ್ಲಿ ಬೆವರಿದರೆ ಸಾಕು, ಅಂಗಿ ಸೊಂಟದ ಹತ್ತಿರ ಕರ್ರಗೆ. ಅಕ್ರಿಲಿಕ್ ಫಿನಿಶ್ (ಒಣಗಿದರೆ ಪ್ಲಾಸ್ಟಿಕ್ ಪದರದಂತಾಗುವ ಲೇಪ) ಒಂದು ದಪ್ಪ ಕೋಟ್ ಹೊಡೆದರೆ ನಿಲ್ಲುತ್ತಾ?

ಸಾಯನ್ ಕಾಕಾ:
ದಪ್ಪ ಕೋಟ್ ಬೇಡವೇ ಬೇಡ. ಬೆಲ್ಟ್ ಬಾಗಿದ ಕಡೆ ಬಿರುಕು ಬಿಡುತ್ತದೆ, ಬಣ್ಣ ಅಲ್ಲಿಂದಲೇ ಹೊರಗೆ ಬರುತ್ತದೆ. ಮೊದಲು ಬಿಳಿ ಬಟ್ಟೆ ಸ್ವಲ್ಪ ಒದ್ದೆ ಮಾಡಿ ಹೊರಮುಖ, ಒಳಮುಖ, ಅಂಚು ಬೇರೆಬೇರೆಯಾಗಿ ಉಜ್ಜಿ ನೋಡಿ.

ಡೊಂಬಿವಲಿಯವ:
ಹೊರಗೆ ಸ್ವಲ್ಪ ಬೂದು, ಅಷ್ಟೇ. ಒಳಗೆ, ಅಂಚಲ್ಲಿ ಕಾಡಿಗೆ ಕಾಕಾ!

ಸಾಯನ್ ಕಾಕಾ:
ಕಳ್ಳ ಸಿಕ್ಕ ನೋಡಿ. ಒಳಮುಖದಲ್ಲಿ ನಾರು ಬಿಚ್ಚಿಕೊಂಡಿರುತ್ತದೆ. ಬಣ್ಣ ಜಾಸ್ತಿ ಕುಡಿಯುತ್ತದೆ, ಅಷ್ಟನ್ನೂ ಹಿಡಿದಿಟ್ಟುಕೊಳ್ಳೋದಿಲ್ಲ. ಒಣ ಹತ್ತಿ ಬಟ್ಟೆಯಿಂದ ಉಜ್ಜಿ. ಬಟ್ಟೆ ಕಪ್ಪಾದ ಹಾಗೆ ಮಡಚಿ ಹೊಸ ಜಾಗ ಹಿಡಿಯಿರಿ. ಕೈ ನೋಯುತ್ತದೆ, ಬೇರೆ ದಾರಿ ಇಲ್ಲ. ಬಟ್ಟೆ ಹೆಚ್ಚುಕಮ್ಮಿ ಬೆಳ್ಳಗೆ ಬಂದ ಮೇಲೆ ಗೋಂದ್ ಕತೀರಾ. ಅದೇ, ಶರಬತ್ತಿಗೆ ಹಾಕೋದು, ಕಿರಾಣಿ ಅಂಗಡಿಯಲ್ಲೇ ಸಿಗುತ್ತೆ. ರಾತ್ರಿ ನೀರಲ್ಲಿ ನೆನೆಸಿ, ಸೋಸಿ, ತೆಳ್ಳಗೆ ಸವರಿ. ಅರೆ ಒಣಗಿರುವಾಗ ಗಾಜಿನ ಬಾಟಲಿಯಿಂದ ಒತ್ತಿ ಉಜ್ಜಿದರೆ ನಾರು ಮಲಗುತ್ತದೆ. ಆದರೆ ಬೆವರಿಗೆ ಗೋಂದು ಒಂದೇ ಸಾಲದು. ಪೂರ್ತಿ ಒಣಗಿದ ಮೇಲೆ ಅಕ್ರಿಲಿಕ್‌ಗೆ ಅಷ್ಟೇ ನೀರು ಬೆರೆಸಿ, ಸ್ಪಂಜಿನಲ್ಲಿ ಎರಡು ತೆಳು ಕೋಟ್ ಕೊಡಿ. ಹೊರಮುಖಕ್ಕೆ ಬೇಡ, ಮೇಣದ ಮೇಲೆ ಅದು ಹಿಡಿಯೋದಿಲ್ಲ. ಅಲ್ಲಿ ಒಣ ಬಟ್ಟೆಯಲ್ಲಿ ತಿಕ್ಕಿದರೆ ಸಾಕು. ಈ ಮಳೆಗಾಲದಲ್ಲಿ ಅವಸರ ಮಾಡಬೇಡಿ, ಫ್ಯಾನ್ ಕೆಳಗೆ ಒಣಗಿಸಿ.

ಪುಣೆಯ ಅಕ್ಕ:
ಮುಂದಿನ ಸಲ ಕಪ್ಪಿಗೆ ಡೈ ಯಾಕೆ? ಸ್ಟೀಲ್ ವೂಲನ್ನು (ಉಕ್ಕಿನ ತೆಳು ಎಳೆಗಳ ಉಂಡೆ) ವಿನೆಗರಿನಲ್ಲಿ ಕರಗಲು ಬಿಡಿ. ಗ್ಯಾಸ್ ಬರುತ್ತದೆ, ಮುಚ್ಚಳ ಬಿಗಿಯಬೇಡಿ. ಸೋಸಿ ಹಚ್ಚಿದರೆ ಕಬ್ಬಿಣ ಚರ್ಮದ ಟ್ಯಾನಿನ್ (ತೊಗಟೆಯಿಂದ ಬಂದ ಒಗರು) ಜೊತೆ ಸೇರಿ ಅಲ್ಲೇ ಕಪ್ಪಾಗುತ್ತದೆ. ಮೇಲೆ ಕೂತ ಬಣ್ಣ ಅಲ್ಲ, ಹಾಗಾಗಿ ಅಂಗಿಗೆ ಹತ್ತೋದು ಬಹಳ ಕಡಿಮೆ. ಆಮೇಲೆ ಅಡುಗೆ ಸೋಡಾ ನೀರಲ್ಲಿ ಒರೆಸಿ, ಒಣಗಿದ ಮೇಲೆ ಎಣ್ಣೆ ಕೊಡಿ. ಕೊಲ್ಹಾಪುರಿ ಚಪ್ಪಲಿಯ ಚರ್ಮ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ್ದಲ್ವಾ, ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಕ್ರೋಮ್ ಚರ್ಮಕ್ಕೆ (ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು) ಆಗೋದಿಲ್ಲ.

ಡೊಂಬಿವಲಿಯವ:
ಥ್ಯಾಂಕ್ಸ್ ಅಕ್ಕಾ. ಕಾಕಾ, ಉಜ್ಜುತ್ತಲೇ ಇದ್ದೇನೆ, ಬಟ್ಟೆ ಇನ್ನೂ ಕಪ್ಪು.

ಸಾಯನ್ ಕಾಕಾ:
ಹಾಗಾದರೆ ಬಟ್ಟೆಗೆ ಒಂಚೂರು ಸ್ಪಿರಿಟ್ ತಾಗಿಸಿ ಒಳಮುಖ ಒಮ್ಮೆ ಒರೆಸಿ. ಒಣಗಿದ ಮೇಲೆ ಮತ್ತೆ ಒಣ ಬಟ್ಟೆ. ಗೋಂದು ಹಚ್ಚುವ ಮೊದಲೇ ಮಾಡಬೇಕು ಇದನ್ನ.