ಒಂದು ಕಿವಿ ಮತ್ತೆ ಬಂದ್: ಸಾವಿರದೊಳಗೆ ಬಾಳಿಕೆ ಬರುವ ಹೆಡ್‌ಫೋನ್ ಯಾವುದು?

ಶಹಾಬಾದ್‌ನಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಾನು ಪರೀಕ್ಷೆಗೆ ಓದುತ್ತಿದ್ದೇನೆ. ದಿನಾ ಶಹಾಬಾದ್‌ನಿಂದ ಕಲಬುರಗಿಗೆ ರೈಲಿನಲ್ಲಿ ಓಡಾಡುತ್ತೇನೆ. ಹೋಗುವಾಗ ಬರುವಾಗ ಫೋನಿನಲ್ಲಿ ಕ್ಲಾಸ್ ಕೇಳುವುದೇ ನನ್ನ ಅರ್ಧ ಓದು. ಮೊನ್ನೆ ಹೆಡ್‌ಫೋನಿನ ಎಡಗಡೆ ಬಂದ್ ಆಯಿತು. ಒಂದು ವರ್ಷದಲ್ಲಿ ಇದು ಮೂರನೆಯದು. ಮೊದಲೆರಡು ಕಿವಿಯೊಳಗೆ ಹಾಕುವಂಥವು, ಇನ್ನೂರು ಮುನ್ನೂರು ರೂಪಾಯಿಯವು. ಇದು ತಲೆ ಮೇಲೆ ಹಾಕುವಂಥದ್ದು, ಆರುನೂರು ಕೊಟ್ಟಿದ್ದೆ. ಸಾವಿರದೊಳಗೆ, ಬ್ಯಾಗಿನಲ್ಲಿ ಹಿಡಿಸುವಂಥ, ಎರಡು ವರ್ಷವಾದರೂ ಬಾಳುವಂಥದ್ದು ಇದೆಯಾ? ನನ್ನ ಫೋನಿಗೆ ಹೆಡ್‌ಫೋನ್ ಹಾಕುವ ಹಳೆಯ ದುಂಡನೆ ತೂತು ಇದೆ. ಹಾಡಿಗಿಂತ ಮಾತು ಸ್ಪಷ್ಟವಾಗಿ ಕೇಳಬೇಕು. ನೀವು ಬಳಸಿ ನೋಡಿದ್ದನ್ನೇ ಹೇಳಿ, ದಯವಿಟ್ಟು.

ಕಲಬುರಗಿಯಿಂದ, ಮೊಬೈಲ್ ರಿಪೇರಿ ಮಾಡುವವರು

ಅಕ್ಕಾರೆ, ಮೊದಲು ಒಂದು ಮಾತು. ಹಳೆಯದನ್ನು ಎಸೆಯಬೇಡಿ. ನಾನು ಸೂಪರ್ ಮಾರ್ಕೆಟ್ ಹತ್ತಿರ ರಿಪೇರಿ ಟೇಬಲ್ ಹಾಕಿಕೊಂಡು ಹನ್ನೊಂದು ವರ್ಷವಾಯಿತು. ಒಂದು ಕಿವಿ ಬಂದ್ ಆಗಿದೆ ಅಂತ ನನ್ನ ಹತ್ತಿರ ಬರುವ ಹೆಡ್‌ಫೋನ್‌ಗಳಲ್ಲಿ ಸ್ಪೀಕರ್ ಹೋಗಿರುವುದು ಅಪರೂಪ. ಒಳಗೆ ವೈರ್ ಕಟ್ ಆಗಿರುತ್ತದೆ. ಅದೂ ಹೆಚ್ಚಾಗಿ ಫೋನಿಗೆ ಹಾಕುವ ಪಿನ್ನಿನ ಕುತ್ತಿಗೆಯಲ್ಲಿ.

ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಮೊದಲು ಬೇರೆ ಫೋನಿಗೆ ಹಾಕಿ ನೋಡಿ. ಅಲ್ಲಿ ಎರಡೂ ಕಡೆ ಕೇಳಿದರೆ ತೊಂದರೆ ನಿಮ್ಮ ಫೋನಿನ ತೂತಿನಲ್ಲಿದೆ. ಜೇಬಿನ ನೂಲು, ನಮ್ಮ ಊರಿನ ಧೂಳು ಎರಡೂ ಸೇರಿ ಒಳಗೆ ಗಟ್ಟಿಯಾಗಿ ಕೂತಿರುತ್ತವೆ. ಪಿನ್ ಪೂರ್ತಿ ಒಳಗೆ ಹೋಗುವುದಿಲ್ಲ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೂಜಿ, ಗುಂಡುಪಿನ್ನು ಹಾಕಬೇಡಿ, ಒಳಗಿನ ಲೋಹದ ಪತ್ತಿ ಬಗ್ಗಿಬಿಡುತ್ತದೆ.

ಬೇರೆ ಫೋನಿನಲ್ಲೂ ಒಂದೇ ಕಡೆ ಕೇಳಿದರೆ, ಯಾವುದಾದರೂ ಹಾಡು ಹಚ್ಚಿಟ್ಟು, ಪಿನ್ನಿನ ಹತ್ತಿರ ವೈರನ್ನು ಎರಡು ಬೆರಳಲ್ಲಿ ಹಿಡಿದು ನಿಧಾನ ಬಗ್ಗಿಸಿ. ಕರಕರ ಅಂದು ಒಮ್ಮೆ ಬಂದು ಒಮ್ಮೆ ಹೋದರೆ ಕಟ್ ಆಗಿರುವುದು ಅಲ್ಲೇ. ಅಲ್ಲಿ ಇಲ್ಲದಿದ್ದರೆ ವೈರ್ ಎರಡಾಗಿ ಒಡೆಯುವ ಜಾಗ ನೋಡಿ. ಆಮೇಲೆ ಕಿವಿಯ ಬಟ್ಟಲಿನೊಳಗೆ ಹೋಗುವ ಜಾಗ. ಈ ಮೂರು ಬಿಟ್ಟು ಬೇರೆ ಕಡೆ ಕಟ್ ಆಗಿದ್ದನ್ನು ನಾನು ನೋಡಿದ್ದು ಕಡಿಮೆ. ಒಳಗಿನ ತಾಮ್ರದ ಎಳೆಗಳು ಕೂದಲಿನಷ್ಟು ಸಣ್ಣ. ಒಂದೇ ಜಾಗದಲ್ಲಿ ದಿನಾ ಬಗ್ಗಿ ಬಗ್ಗಿ ಒಂದೊಂದಾಗಿ ಮುರಿಯುತ್ತವೆ. ಮೇಲಿನ ರಬ್ಬರ್ ಮಾತ್ರ ಹೊಸದರಂತೆಯೇ ಕಾಣುತ್ತದೆ. ಅದಕ್ಕೇ ಜನ ಸ್ಪೀಕರ್ ಹೋಯಿತು ಅಂದುಕೊಂಡು ಎಸೆಯುತ್ತಾರೆ. ನನಗೆ ಅದನ್ನು ನೋಡಿದರೆ ನಿಜವಾಗಿ ಬೇಜಾರಾಗುತ್ತದೆ.

ಪಿನ್ ಬದಲಿಸುವ ಕೆಲಸ ಕಾಲು ಗಂಟೆಯದು. ಪಿನ್ನಿನಿಂದ ಎರಡು ಇಂಚು ಮೇಲೆ ಕತ್ತರಿಸುತ್ತೇನೆ. ರಬ್ಬರ್ ಸುಲಿದರೆ ಒಳಗೆ ಕೆಂಪು ಎಳೆ, ಹಸಿರು ಎಳೆ, ಬರೀ ತಾಮ್ರದ ಬಣ್ಣದ ಎಳೆ, ಜೊತೆಗೆ ಬಲಕ್ಕೆ ಅಂತ ಸ್ವಲ್ಪ ನೂಲು. ಆ ಕೆಂಪು ಹಸಿರು ಬಣ್ಣವೇ ಇನ್ಸುಲೇಷನ್, ಅಂದರೆ ಕರೆಂಟ್ ತಡೆಯುವ ಪದರ. ಅದನ್ನು ಸುಡದೆ ಸೋಲ್ಡರ್, ಅಂದರೆ ಬೆಸುಗೆ, ಹಿಡಿಯುವುದಿಲ್ಲ. ಕಾದ ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಸೋಲ್ಡರಿನ ಒಂದು ಹನಿ ಮಾಡಿಕೊಂಡು ಎಳೆಯನ್ನು ಅದರಲ್ಲಿ ಅದ್ದಿ ಹಿಡಿದರೆ ಸಣ್ಣ ಹೊಗೆ ಏಳುತ್ತದೆ, ಕೆಂಪು ಹೋಗಿ ಬೆಳ್ಳಿ ಬಣ್ಣ ಬರುತ್ತದೆ. ಮನೆಯಲ್ಲಿ ಮಾಡಿಕೊಳ್ಳುವವರು ಸೋಲುವುದು ಇಲ್ಲಿಯೇ. ಬಣ್ಣದ ಮೇಲೆಯೇ ಸೋಲ್ಡರ್ ಹಾಕುತ್ತಾರೆ, ಅಂಟಿದಂತೆ ಕಾಣುತ್ತದೆ, ಕರೆಂಟ್ ದಾಟುವುದಿಲ್ಲ. ಸಾಮಾನ್ಯವಾಗಿ ಹಸಿರು ಅಥವಾ ನೀಲಿ ಎಡಕ್ಕೆ, ಅದು ಪಿನ್ನಿನ ತುದಿಗೆ. ಕೆಂಪು ಬಲಕ್ಕೆ, ಅದು ನಡುವಿನ ಉಂಗುರಕ್ಕೆ. ತಾಮ್ರದ್ದು ಉಳಿದ ಭಾಗಕ್ಕೆ. ಹೊಸ ಪಿನ್ನಿನ ಮುಚ್ಚಳವನ್ನು ಮೊದಲೇ ವೈರಿಗೆ ಪೋಣಿಸಿರಬೇಕು. ಮೈಕ್ ಇದ್ದ ಹೆಡ್‌ಫೋನಿಗೆ ನಾಲ್ಕು ಭಾಗದ ಪಿನ್ ಹಾಕಿಸಿ. ಮೂರು ಭಾಗದ್ದು ಹಾಕಿದರೆ ಪಾಠ ಕೇಳುತ್ತದೆ, ಆದರೆ ಕರೆಯಲ್ಲಿ ಹೆಡ್‌ಫೋನಿನ ಮೈಕ್ ಇರುವುದಿಲ್ಲ. ನಾನು ಪಿನ್ ಸೇರಿ 60 ರೂಪಾಯಿ ತೊಗೊಳ್ಳುತ್ತೇನೆ.

ಅಲ್ಲಿಯವರೆಗೆ ಓದು ನಿಲ್ಲಿಸಬೇಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಸೆಸಿಬಿಲಿಟಿಗೆ ಹೋದರೆ ಮೊನೊ ಆಡಿಯೊ ಅಂತ ಇರುತ್ತದೆ. ಅದನ್ನು ಆನ್ ಮಾಡಿದರೆ ಎಡ ಬಲ ಎರಡರದ್ದೂ ಸೇರಿ ಒಂದೇ ಕಿವಿಗೆ ಬರುತ್ತದೆ. ಪಾಠಕ್ಕೆ ಸಾಕು.

ಹೊಸದು ತೊಗೊಳ್ಳಲೇಬೇಕು ಅಂದರೆ ಕಂಪನಿ ಆಮೇಲೆ, ಮೊದಲು ವೈರ್ ನೋಡಿ. ವೈರ್ ಬಿಚ್ಚಿ ಹಾಕುವಂಥದ್ದು ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ವೈರ್ ಹೋದರೆ ವೈರ್ ಮಾತ್ರ ಬದಲಿಸಿದರಾಯಿತು. ಸಿಗದಿದ್ದರೆ, ಪಿನ್ನಿನ ಕುತ್ತಿಗೆಗೆ ಮೆತ್ತನೆಯ ಉದ್ದ ರಬ್ಬರ್ ಇದೆಯಾ ಒತ್ತಿ ನೋಡಿ. ಗಟ್ಟಿ ಪ್ಲಾಸ್ಟಿಕ್ಕಿನಿಂದ ಒಮ್ಮೆಲೇ ಸಣ್ಣ ವೈರ್ ಹೊರಗೆ ಬಂದಿದ್ದರೆ ಅದು ಅಲ್ಲೇ ಮುರಿಯುತ್ತದೆ. ಫೋನನ್ನು ಜೇಬಿನಲ್ಲಿ ಇಟ್ಟು ಕೇಳುವವರಾದರೆ ಮೊಳಕೈಯಂತೆ ಬಾಗಿದ ಪಿನ್ ಒಳ್ಳೆಯದು. ನೇರ ಪಿನ್ ಇದ್ದರೆ ಪಿನ್ ಮೇಲೆ ಬರುವಂತೆ ಫೋನ್ ತಿರುಗಿಸಿ ಇಡಿ. ರೈಲಿನಲ್ಲಿ ಕೂತಾಗ ತೊಡೆಗೂ ಬ್ಯಾಗಿಗೂ ನಡುವೆ ಪಿನ್ ಮಡಚಿಕೊಳ್ಳುತ್ತದೆ ಅಲ್ವಾ, ನಿಮ್ಮ ಮೂರೂ ಹೆಡ್‌ಫೋನ್ ಹಾಗೇ ಹೋಗಿರಬಹುದು ಅಂತ ನನ್ನ ಅನುಮಾನ. ವೈರನ್ನು ಫೋನಿಗೆ ಬಿಗಿಯಾಗಿ ಸುತ್ತಬೇಡಿ. ನಾಲ್ಕು ಬೆರಳಿಗೆ ಸಡಿಲವಾಗಿ ಸುತ್ತಿ ಇಡಿ.

ಬೀದರ್‌ನಿಂದ, ಕಚೇರಿ ಕೆಲಸದವರು

ವೈರ್ ಗೋಳು ಬೇಡ ಅಂತ ನಾನು ಕುತ್ತಿಗೆಗೆ ಹಾಕುವ ಬ್ಲೂಟೂತ್ ತೊಗೊಂಡಿದ್ದೆ. ಮೊದಲ ವರ್ಷ ಬಹಳ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಬೀದರ್‌ನಿಂದ ಹುಮನಾಬಾದ್‌ಗೆ ಬಸ್ಸಿನಲ್ಲಿ ನಿಂತು ಹೋಗುವಾಗ ವೈರ್ ಯಾರ ಕೈಗೂ ಸಿಕ್ಕುವುದಿಲ್ಲ. ಆದರೆ ಮೇ ತಿಂಗಳಲ್ಲಿ ಹದಿನೈದು ದಿನ ಸ್ಕೂಟಿಯ ಡಿಕ್ಕಿಯಲ್ಲಿ ಇಟ್ಟು ಬಿಸಿಲಲ್ಲಿ ನಿಲ್ಲಿಸುತ್ತಿದ್ದೆ. ಆ ಬೇಸಿಗೆಯ ನಂತರ ದಿನವಿಡೀ ಬರುತ್ತಿದ್ದ ಚಾರ್ಜ್ ಎರಡು ಗಂಟೆಗೆ ಇಳಿಯಿತು. ಲಿಥಿಯಂ ಬ್ಯಾಟರಿ ಬಿಸಿ ತಡೆಯುವುದಿಲ್ಲ. 45 ಡಿಗ್ರಿ ದಾಟಿದಾಗ ಚಾರ್ಜಿಗೆ ಹಾಕಲೇಬಾರದು. ನಿಮ್ಮ ಕಡೆ ಬೇಸಿಗೆಯಲ್ಲಿ ನೆರಳಲ್ಲೇ 42, 43 ಆಗುತ್ತದೆ, ಡಿಕ್ಕಿಯೊಳಗೆ ಎಷ್ಟಾಗಬೇಕು ನೋಡಿ. ಬ್ಯಾಟರಿ ಬದಲಿಸಲು ಕೇಳಿದರೆ, ಹೊಸದನ್ನೇ ತೊಗೊಳ್ಳಿ ಅಂದರು. ಎರಡು ವರ್ಷ ಬಾಳಬೇಕು ಅನ್ನುವವರಿಗೆ ನಾನು ವೈರ್ ಇದ್ದದ್ದನ್ನೇ ಹೇಳುತ್ತೇನೆ.

ಆದರೂ ಬ್ಲೂಟೂತೇ ಬೇಕು ಅನ್ನುವವರು ಡಬ್ಬಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ನೋಡಿ. ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದು ಅಂತ ತೋರಿಸುತ್ತದೆ. ರಸ್ತೆ ಬದಿಯಲ್ಲಿ ದೊಡ್ಡ ಕಂಪನಿಯ ಹೆಸರು ಹಾಕಿ ಮಾರುವ ನಕಲಿಗಳು ಇದರಲ್ಲಿ ಸಿಕ್ಕಿಬೀಳುತ್ತವೆ. ಬಿಲ್ ಮಾತ್ರ ತಪ್ಪದೆ ತೊಗೊಳ್ಳಿ. ವಾರಂಟಿ ಇದ್ದೂ ಅಂಗಡಿಯವರು ಕೈಯೆತ್ತಿದರೆ 1915ಕ್ಕೆ ಫೋನ್ ಮಾಡಬಹುದು, ಅದು ಗ್ರಾಹಕರ ಸಹಾಯವಾಣಿ.

ಈಗ ನನ್ನ ಹತ್ತಿರ ಇರುವುದು ಸೋನಿಯ ಝಡ್‌ಎಕ್ಸ್ 110. ವೈರ್ ಇದ್ದದ್ದು, ಮಡಚಬಹುದು, ಹಗುರ. ನಾನು ತೊಗೊಂಡಾಗ ಸಾವಿರದೊಳಗೆ ಸಿಕ್ಕಿತ್ತು. ಮೂರನೇ ವರ್ಷ ನಡೆಯುತ್ತಿದೆ. ವೈರ್ ಬಿಚ್ಚಲು ಬರುವುದಿಲ್ಲ. ಅದಕ್ಕೇ ಮಡಚಿ, ವೈರನ್ನು ಸಡಿಲವಾಗಿ ಸುತ್ತಿ, ಒಂದು ಹಳೆಯ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬ್ಯಾಗಿಗೆ ಇಡುತ್ತೇನೆ. ಮೇಲೆ ಎಷ್ಟೇ ಪುಸ್ತಕ ಬಿದ್ದರೂ ಅದಕ್ಕೆ ತಾಗುವುದಿಲ್ಲ. ಮಾತು ಸ್ವಚ್ಛವಾಗಿ ಕೇಳುತ್ತದೆ.

ಸೇಡಂನಿಂದ

ನಾನು ಕೆಝಡ್ ಅನ್ನುವ ಚೀನಾ ಕಂಪನಿಯದು ಬಳಸುತ್ತೇನೆ. ಕಿವಿಯೊಳಗೆ ಹಾಕುವಂಥದ್ದು, ವೈರ್ ಕಿವಿಯ ಹಿಂದಿನಿಂದ ಸುತ್ತಿ ಬರುತ್ತದೆ. ಕಿವಿಯ ಹತ್ತಿರ ಎರಡು ಸಣ್ಣ ಪಿನ್ನಿನಿಂದ ವೈರ್ ಕೂರುತ್ತದೆ, ಎಳೆದರೆ ಬಿಚ್ಚಿಕೊಳ್ಳುತ್ತದೆ. ಸಾವಿರದೊಳಗೆ ಆನ್‌ಲೈನ್‌ನಲ್ಲಿ ಸಿಕ್ಕಿತು. ಎರಡು ವರ್ಷದಲ್ಲಿ ಒಮ್ಮೆ ವೈರ್ ಬದಲಿಸಿದೆ, ಅಷ್ಟೇ. ವೈರ್ ತರಿಸುವಾಗ ನಿಮ್ಮ ಮಾಡೆಲ್ ಹೆಸರು ಹಾಕಿಯೇ ತರಿಸಿ. ಎರಡು ಪಿನ್ನಿನ ವೈರ್‌ಗಳಲ್ಲೂ ದಪ್ಪ, ಆಕಾರ ಬೇರೆ ಬೇರೆ ಇವೆ. ಒಂದು ಕಡೆ ಉಲ್ಟಾ ಹಾಕಿದರೆ ದನಿ ಟೊಳ್ಳಾಗಿ ಕೇಳುತ್ತದೆ, ಬಾಸ್, ಅಂದರೆ ತಗ್ಗಿನ ದನಿ, ಹೋಗಿಬಿಡುತ್ತದೆ. ತಿರುಗಿಸಿ ಹಾಕಿದರೆ ಸರಿಯಾಗುತ್ತದೆ. ರೈಲಿನ ಸದ್ದಿಗೆ ತಲೆ ಮೇಲಿನದಕ್ಕಿಂತ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇನ್ನೊಂದು. ಮುಂದೆ ದುಂಡನೆ ತೂತಿಲ್ಲದ ಫೋನ್ ತೊಗೊಂಡರೂ ವೈರ್ ಹೆಡ್‌ಫೋನ್ ದಂಡವಾಗುವುದಿಲ್ಲ. ಚಾರ್ಜರ್ ತೂತಿಗೆ ಹಾಕುವ ಟೈಪ್ ಸಿ ಡಾಂಗಲ್ ಹಾಕಿ, ಅದಕ್ಕೆ ಹೆಡ್‌ಫೋನ್ ಹಾಕಿದರಾಯಿತು. ಒಳಗೆ ಡಿಎಸಿ ಚಿಪ್ (ಫೋನಿನ ಡಿಜಿಟಲ್ ಸದ್ದನ್ನು ಹೆಡ್‌ಫೋನಿಗೆ ಬೇಕಾದಂತೆ ಬದಲಿಸುವುದು) ಇರುವ ಡಾಂಗಲ್ಲನ್ನೇ ಕೇಳಿ ತೊಗೊಳ್ಳಿ. ಚಿಪ್ ಇಲ್ಲದ್ದು ಬಹಳ ಫೋನ್‌ಗಳಲ್ಲಿ ನಡೆಯುವುದಿಲ್ಲ.

ಯಾದಗಿರಿಯಿಂದ, ನಿವೃತ್ತ ಶಿಕ್ಷಕರು

ತಂಗಿ, ಹೆಡ್‌ಫೋನ್ ಬಾಳಿಕೆಯ ಮಾತು ಇವರೆಲ್ಲ ಹೇಳಿದರು. ನಾನು ಕಿವಿಯ ಮಾತು ಹೇಳುತ್ತೇನೆ. ರೈಲಿನ ಸದ್ದಿನ ಮೇಲೆ ಪಾಠ ಕೇಳಬೇಕು ಅಂತ ನೀನು ಸೌಂಡ್ ಏರಿಸುತ್ತಾ ಹೋಗುತ್ತೀಯ. ದಿನಾ ಎರಡು ಹೊತ್ತು, ವರ್ಷಗಟ್ಟಲೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ವಾರಕ್ಕೆ 4 ಗಂಟೆ ಮಾತ್ರ. ಹತ್ತು ಡೆಸಿಬೆಲ್ ಏರಿದ್ದಕ್ಕೆ ಸಮಯ ಹತ್ತರಲ್ಲಿ ಒಂದು ಪಾಲಾಯಿತು ನೋಡು. ನನ್ನ ಮಗನಿಗೆ ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್ ಅನ್ನಲು ಶುರುವಾಗಿ ಡಾಕ್ಟರ ಹತ್ತಿರ ಹೋದೆವು. ಅವನೂ ಬಸ್ಸಿನಲ್ಲಿ ಪೂರ್ತಿ ಸೌಂಡ್ ಇಟ್ಟು ಕೇಳುತ್ತಿದ್ದ. ಹಾಗಾಗಿ ಸೇಡಂನವರು ಹೇಳಿದಂತೆ ಕಿವಿಗೆ ಸರಿಯಾಗಿ ಕೂರುವ ಸಿಲಿಕೋನ್ ರಬ್ಬರಿನದು ತೊಗೊಂಡರೆ ಹೊರಗಿನ ಸದ್ದು ತಾನೇ ಕಡಿಮೆಯಾಗುತ್ತದೆ. ಡಬ್ಬಿಯಲ್ಲಿ ಮೂರು ಅಳತೆಯ ರಬ್ಬರ್ ಕೊಟ್ಟಿರುತ್ತಾರೆ, ಮೂರನ್ನೂ ಹಾಕಿ ನೋಡು. ಆದರೆ ಸ್ಟೇಷನ್ನಿನಲ್ಲಿ ಹಳಿ ಹತ್ತಿರ, ರಸ್ತೆ ದಾಟುವಾಗ ಎರಡೂ ಕಿವಿಯಿಂದ ತೆಗೆದು ಕೊರಳಲ್ಲಿ ಹಾಕಿಕೋ. ಇದನ್ನು ಮರೆಯಬೇಡ.

ತಲೆ ಮೇಲಿನದನ್ನೇ ಮುಂದುವರಿಸಿದರೆ ಬಟ್ಟಲಿನ ಮೆತ್ತೆ ನೋಡಿಕೋ. ಚರ್ಮದಂತೆ ಕಾಣುವ ಆ ರೆಕ್ಸಿನ್ ನಮ್ಮ ಬೆವರಿಗೆ ಒಂದೂವರೆ ವರ್ಷದಲ್ಲಿ ಕರಿ ಪುಡಿಯಾಗಿ ಉದುರುತ್ತದೆ, ಕೆನ್ನೆಗೆಲ್ಲ ಅಂಟುತ್ತದೆ. ನಮ್ಮ ಮನೆಯಲ್ಲಿ ಹಳೆಯ ಕಾಟನ್ ಬನಿಯನ್ ಕತ್ತರಿಸಿ, ಅಂಚಿಗೆ ಇಲಾಸ್ಟಿಕ್ ಹೊಲಿದು, ದಿಂಬಿನ ಕವರಿನಂತೆ ಹಾಕಿದ್ದಾರೆ. ವಾರಕ್ಕೊಮ್ಮೆ ಒಗೆದು ಹಾಕುತ್ತೇವೆ. ದನಿಯಲ್ಲಿ ವ್ಯತ್ಯಾಸ ನನಗಂತೂ ಗೊತ್ತಾಗಲಿಲ್ಲ.

ಬೀದರ್‌ನಿಂದಲೇ, ಇನ್ನೊಬ್ಬರು

ಬಜೆಟ್ ಮುಂದೆ ಯಾವತ್ತಾದರೂ ಏರಿದರೆ ಕಾಸ್ ಕಂಪನಿಯ ಪೋರ್ಟಾ ಪ್ರೊ ನೆನಪಿಟ್ಟುಕೊಳ್ಳಿ. 1984ರಲ್ಲಿ ಬಂದ ಮಾಡೆಲ್, ಇವತ್ತಿಗೂ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಮಾರುತ್ತಾರೆ. ತೆಳುವಾದ ಲೋಹದ ಪಟ್ಟಿ, ಮಡಚಿದರೆ ಮುಷ್ಟಿಯಷ್ಟಾಗುತ್ತದೆ. ಸ್ಪಂಜ್ ಹರಿದರೆ ಬೇರೆ ಸ್ಪಂಜ್ ಹಾಕಬಹುದು. ಸದ್ದು ಹೊರಗೂ ಕೇಳುವುದರಿಂದ ಜನರ ನಡುವೆ ಅಷ್ಟು ಸರಿಯಲ್ಲ. ಮನೆಯಲ್ಲಿ ಕೂತು ಓದುವವರಿಗೆ ಬಹಳ ಹಿತ.

ಶಹಾಬಾದ್‌ನಿಂದ, ಹತ್ತು ದಿನದ ಮೇಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ರಾತ್ರಿಯೇ ಮೊನೊ ಆಡಿಯೊ ಆನ್ ಮಾಡಿಕೊಂಡೆ. ಒಂದು ದಿನವೂ ಕ್ಲಾಸ್ ತಪ್ಪಲಿಲ್ಲ. ಅಣ್ಣ ಹೇಳಿದಂತೆ ಪಿನ್ನಿನ ಹತ್ತಿರ ಬಗ್ಗಿಸಿದೆ, ಎಡಗಡೆ ಕರಕರ ಅಂದು ಬಂತು. ಶನಿವಾರ ಕಲಬುರಗಿಯಲ್ಲೇ ಪಿನ್ ಹಾಕಿಸಿದೆ. ಕತ್ತರಿಸಿದ ಹಳೆಯ ಪಿನ್ನನ್ನು ಕೇಳಿ ತೊಗೊಂಡೆ. ಮನೆಯಲ್ಲಿ ಬ್ಲೇಡಿನಿಂದ ರಬ್ಬರ್ ಸೀಳಿ ನೋಡಿದರೆ ಹಸಿರು ಎಳೆ ಸರಿಯಾಗಿ ಕುತ್ತಿಗೆಯಲ್ಲೇ ತುಂಡಾಗಿತ್ತು, ಕೆಂಪಿನಲ್ಲೂ ಎರಡೋ ಮೂರೋ ಎಳೆ ಮಾತ್ರ ಉಳಿದಿದ್ದವು. ಅಂದರೆ ಬಲಗಡೆಯೂ ಇನ್ನು ಸ್ವಲ್ಪ ದಿನದಲ್ಲೇ ಹೋಗುತ್ತಿತ್ತು.

ಹಿಂದೆ ಕೆಟ್ಟುಹೋದ ಎರಡರಲ್ಲಿ ಒಂದು ಇನ್ನೂ ಗೋಡೆಯ ಮಾಡದಲ್ಲಿ ಇತ್ತು. ಅದನ್ನೂ ಇಳಿಸಿ ಒರೆಸಿ ಇಟ್ಟಿದ್ದೇನೆ. ಅದು ವೈರ್ ಎರಡಾಗಿ ಒಡೆಯುವ ಜಾಗದಲ್ಲಿ ಕಟ್ ಆಗಿದೆ ಅನ್ನಿಸುತ್ತದೆ, ಅಲ್ಲಿ ಒತ್ತಿದರೆ ಎರಡೂ ಕಡೆ ಕೇಳುತ್ತದೆ. ಅಣ್ಣ, ಆ ಜಾಗದ್ದೂ ನೀವು ಮಾಡಿಕೊಡುತ್ತೀರಾ? ಸೋಮವಾರ ಬೆಳಿಗ್ಗೆ ರೈಲಿಳಿದು ಸೂಪರ್ ಮಾರ್ಕೆಟ್ ಕಡೆಯಿಂದಲೇ ಬರುತ್ತೇನೆ.