ಅಪ್‌ಡೇಟ್: ಅಪ್ಪನ ಮೊಬೈಲಿನ 140 ರೂಪಾಯಿ

ಹೋದ ತಿಂಗಳು ಕೇಳಿದ್ದೆ: ಜಮಖಂಡಿಯಲ್ಲಿರುವ ಅಪ್ಪ ಬರೀ ಮೆಸೇಜ್ ಆ್ಯಪ್ ನೋಡುತ್ತಾರೆ, ಅದು ಫ್ರೀ ಅಲ್ವಾ, ಮತ್ತೆ ಮೇನ್ ಬ್ಯಾಲೆನ್ಸ್‌ನಿಂದ 140 ರೂಪಾಯಿ ಹೋಗಿದ್ದು ಹೇಗೆ ಅಂತ.

ಕಾರಣ ಸಿಕ್ಕಿತು. ಡೇಟಾ ಪ್ಯಾಕ್ ಮುಗಿದಿತ್ತು, ಆದರೂ ಡೇಟಾ ಆನ್ ಇತ್ತು, ಅದಕ್ಕೇ ಮೇನ್ ಬ್ಯಾಲೆನ್ಸ್‌ನಿಂದ ದುಡ್ಡು ಹೋಯಿತು. ಆ್ಯಪ್ ಫ್ರೀ, ಅದು ತಿನ್ನುವ ಡೇಟಾ ಫ್ರೀ ಅಲ್ಲ. ಬೀಗರ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋಗಳೆಲ್ಲ ಸುಮ್ನೆ ತಾವಾಗಿಯೇ ಡೌನ್‌ಲೋಡ್ ಆಗುತ್ತಿದ್ದವು. ಅಪ್ಪ ಅರ್ಧದಷ್ಟನ್ನೂ ತೆರೆದು ನೋಡಿಲ್ಲ!

ಮೊಬೈಲ್ ಕಂಪನಿಯ ದೂರಿನ ನಂಬರ್ 198ಕ್ಕೆ ಫೋನ್ ಮಾಡಿ ಡಾಕೆಟ್ ನಂಬರ್ (ದೂರು ದಾಖಲಾದ ಸಂಖ್ಯೆ) ತಗೊಂಡೆ. ‘ಬಳಸಿದ್ದೀರಿ, ವಾಪಸ್ ಬರಲ್ಲ’ ಅಂದರು. ಅದೇ ಕಂಪನಿಗೆ ಅಪೀಲು ಹಾಕಿದೆ. 60 ರೂಪಾಯಿ ಬಂತು.

ಈಗ ಆಟೋ ಡೌನ್‌ಲೋಡ್ ಬಂದ್. ಡೇಟಾ ನಿಲ್ಲಿಸಲು 1925ಕ್ಕೆ ಸ್ಟಾಪ್ ಅಂತ ಇಂಗ್ಲಿಷ್‌ನಲ್ಲಿ ಮೆಸೇಜ್ ಮಾಡಿದರೂ ಆಗುತ್ತದೆ. ಅಪ್ಪ ಮಾತ್ರ ದಿನಾ ಕೇಳುತ್ತಾರೆ: ‘ವಿಡಿಯೋ ಯಾಕ ಬರವಲ್ವು?’