ಕ್ರೋಮ್ ಹಾಕಿದ ಪ್ಲಾಸ್ಟಿಕ್ ಸಾಮಾನು ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆ?

ಬಳ್ಳಾರಿ, ಹಾರ್ಡ್‌ವೇರ್ ಅಂಗಡಿ: ಅಂಗಡಿ ಮುಚ್ಚುತ್ತಿರುವವರೊಬ್ಬರು ಎರಡು ಚೀಲ ಸಾಮಾನು ಅಗ್ಗಕ್ಕೆ ಕೊಡ್ತೀನಿ ಅಂತಿದ್ದಾರೆ. ಶವರ್, ನಳದ ಹಿಡಿಕೆ, ನೀರಿನ ಪೈಪ್ ಜೋಡಿಸುವ ಕನೆಕ್ಟರ್, ಡ್ರಾಯರ್ ಹಿಡಿ. ಎಲ್ಲಾ ಎಬಿಎಸ್ ಪ್ಲಾಸ್ಟಿಕ್, ಮೇಲೆ ಕ್ರೋಮ್. ಯಾವುದನ್ನು ಎಲ್ಲಿ ಬಳಸಬಹುದು? ಅನುಭವ ಇದ್ದವರು ಹೇಳಿ.

ಗಂಗಾವತಿ, ಪ್ಲಂಬಿಂಗ್: ಶವರ್ ಧೈರ್ಯವಾಗಿ ತಗೊಳ್ಳಿ ಅಣ್ಣ. ನೀರು ಸುರಿದು ಹೋಗುತ್ತದೆ, ಒಳಗೆ ಒತ್ತಡ ನಿಲ್ಲುವುದಿಲ್ಲ. ಹಿಡಿಕೆಯೂ ನಡೆಯುತ್ತದೆ. ಕನೆಕ್ಟರ್ ಮಾತ್ರ ಬೇಡ. ಹೋದ ಬೇಸಿಗೆ ಒಂದು ಮನೆಗೆ ಅಂಥದ್ದೇ ಕೂರಿಸಿದ್ದೆ. ಪಾನಾ ಹಿಡಿದು ಸುಮ್ನೆ ಇನ್ನರ್ಧ ಸುತ್ತು ತಿರುಗಿಸಿದೆ, ‘ಟಿಕ್’ ಅಂತು. ಹೊರಗೆ ಕ್ರೋಮ್ ಫಳಫಳ, ಒಳಗೆ ಥ್ರೆಡ್ ಸೀಳಿತ್ತು. ನನಗೆ ಗೊತ್ತಾಗಿದ್ದು ರಾತ್ರಿ ಹತ್ತಕ್ಕೆ, ಅಡುಗೆಮನೆ ತುಂಬಾ ನೀರು ಅಂತ ಫೋನ್ ಬಂದಾಗ. ಕೈಯಲ್ಲಿ ಬಿಗಿ ಮಾಡಿದ್ದರೆ ಸಾಕಿತ್ತು.

ಬಳ್ಳಾರಿ, ಹಿಂದೆ ಪ್ಲೇಟಿಂಗ್ ಕೆಲಸ: ಲೋಹದ ಪದರ ಕೂರಿಸಲು ಕರೆಂಟ್ ಬೇಕು, ಪ್ಲಾಸ್ಟಿಕ್‌ನಲ್ಲಿ ಅದು ಹರಿಯುವುದಿಲ್ಲ ಅಲ್ವಾ, ಅದಕ್ಕೆ ಮೊದಲು ಕ್ರೋಮಿಕ್ ಆಸಿಡ್‌ನಲ್ಲಿ ಮುಳುಗಿಸುತ್ತಾರೆ. ಎಬಿಎಸ್‌ನೊಳಗಿನ ರಬ್ಬರ್ ಕಣ ಕರಗಿ ಸಣ್ಣ ಸಣ್ಣ ಗುಂಡಿ ಬೀಳುತ್ತವೆ. ಲೋಹ ಬೇರು ಬಿಡುವುದು ಅಲ್ಲೇ. ಆಮೇಲೆ ಪಲ್ಲೇಡಿಯಂ ಅನ್ನುವ ಲೋಹದ ಕಣ, ಕರೆಂಟಿಲ್ಲದೆ ಕೂರುವ ನಿಕ್ಕಲ್ ಅಥವಾ ತಾಮ್ರ, ಅದರ ಮೇಲೆ ಕರೆಂಟ್ ಕೊಟ್ಟು ತಾಮ್ರ, ನಿಕ್ಕಲ್, ಕೊನೆಗೆ ಕ್ರೋಮ್. ಆ ಕ್ರೋಮ್ 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಕೂಡ ಇರುವುದಿಲ್ಲ. ತೂಕ ಹೊರಲು ಅದನ್ನು ನಂಬಬೇಡಿ. ಕಾರಿನ ಗ್ರಿಲ್, ಲೋಗೊ, ಬಟನ್, ಫ್ರೇಮು, ಇಂಥದ್ದಕ್ಕೆ ಒಳ್ಳೆಯದು. ಎಲೆಕ್ಟ್ರಾನಿಕ್ಸ್ ಡಬ್ಬಿಗಳಿಗೂ ಹಾಕುತ್ತಾರೆ, ರೇಡಿಯೋ ತರಂಗದ ಗದ್ದಲ ತಡೆಯಲು. ಎಬಿಎಸ್ 100 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಒಲೆ ಪಕ್ಕ ಬೇಡವೇ ಬೇಡ.

ರಾಯಚೂರು, ಮನೆ ಬಳಕೆ: ನಮ್ಮ ಬೋರ್ ನೀರಿಗೆ ಶವರ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಉಜ್ಜಿದೆ, ಕ್ರೋಮ್ ಮಂಕಾಯಿತು. ಈಗ ನಿಂಬೆಹಣ್ಣಿನ ಸಿಪ್ಪೆ ಉಜ್ಜಿ ತಕ್ಷಣ ತೊಳೆಯುತ್ತೇನೆ. ಇನ್ನೊಂದು, ಕಿತ್ತ ಪದರದ ಅಂಚು ಬೆರಳು ಕೊಯ್ಯುತ್ತದೆ. ಮಕ್ಕಳ ಕೈಗೆ ಕೊಡಬೇಡಿ.

ಕೊಪ್ಪಳ, ಬಡಗಿ: ಡ್ರಾಯರ್ ಹಿಡಿ ನಾನು ಜಾಸ್ತಿ ಹಾಕಿದ್ದೇನೆ. ಹಗುರವಾದ ಬಾಗಿಲಿಗೆ ಸರಿ. ಬಟ್ಟೆ ತುಂಬಿದ ಡ್ರಾಯರ್ ದಿನಾ ಎಳೆದರೆ ಸ್ಕ್ರೂ ಕೂತ ಜಾಗವೇ ಒಡೆಯುತ್ತದೆ.

ಬಳ್ಳಾರಿ, ಹಾರ್ಡ್‌ವೇರ್ ಅಂಗಡಿ: ಹಾಗಾದರೆ ಕನೆಕ್ಟರ್ ಬಿಟ್ಟು ಉಳಿದದ್ದು ಆರಿಸಿಕೊಳ್ತೀನಿ. ಎರಡೂ ಚೀಲ ಇಡಿಯಾಗಿ ತಗೋಬೇಕು ಅಂತಿದ್ದಾರಲ್ಲ?

ಗಂಗಾವತಿ, ಪ್ಲಂಬಿಂಗ್: ಚೀಲ ಬಿಚ್ಚಿ ನೋಡಲು ಬಿಡದಿದ್ದರೆ ಎದ್ದು ಬಂದುಬಿಡಿ ಅಣ್ಣ.